ಮೊದಲು ಪಟ್ಟಿ, ಆಮೇಲೆ ಪೆಟ್ಟಿಗೆ: ಅಂಗಡಿ ಮೇಜಿಗೆ ಪುಟ್ಟ ಗಣಕಯಂತ್ರದ ಆಯ್ಕೆ

ಅಂಕೋಲಾದಿಂದ ಯಲ್ಲಾಪುರದ ಕಡೆಗೆ ಘಟ್ಟವೇರುವ 52ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ, ಗಂಗಾವಳಿ ನದಿಯ ಕಣಿವೆಯಲ್ಲಿರುವ ಊರು ರಾಮನಗುಳಿ. ಇಂತಹ ಊರಿನ ವರ್ತಕರ ಗಣಕಯಂತ್ರ ಕೆಟ್ಟರೆ ಅಂಕೋಲೆಗೋ ಕಾರವಾರಕ್ಕೋ ಇಲ್ಲವೆ ಘಟ್ಟ ಹತ್ತಿ ಹುಬ್ಬಳ್ಳಿಗೋ ಹೋಗಬೇಕಾಗುತ್ತದೆ. ಕೊಂಡುತಂದ ವಸ್ತು ಹೊಂದಿಕೆಯಾಗಲಿಲ್ಲವೆಂದು ಮರಳಿಸುವುದು ಪಟ್ಟಣದ ವರ್ತಕರಿಗೆ ಅರ್ಧ ಗಂಟೆಯ ಕೆಲಸ. ಇಲ್ಲಿಯವರಿಗೆ ಅದು ಒಂದು ದಿನದ ವ್ಯಾಪಾರದ ನಷ್ಟ. ಆದುದರಿಂದ ಹೊಸ ಗಣಕಯಂತ್ರವನ್ನು ಕೊಳ್ಳುವ ಮೊದಲೇ ಅದರ ಹೊಂದಾಣಿಕೆಯನ್ನು ಕೂಲಂಕಷವಾಗಿ ಪರಿಶೀಲಿಸುವುದು ಪಟ್ಟಣಿಗರಿಗಿಂತ ನಮ್ಮ ಜಿಲ್ಲೆಯ ಒಳನಾಡಿನ ವರ್ತಕರಿಗೇ ಹೆಚ್ಚು ಅಗತ್ಯ. ಆ ಪರಿಶೀಲನೆಯ ಕ್ರಮವನ್ನು ಸದಸ್ಯರ ಮುಂದಿಡುವುದು ಈ ಲೇಖನದ ಉದ್ದೇಶ.

ಬದಲಾವಣೆಯ ಒತ್ತಡ ಎಲ್ಲಿಂದ ಬಂತು

2015ರ ಜುಲೈ 29ರಂದು ಬಿಡುಗಡೆಗೊಂಡ ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಗೃಹ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಹಾಗೂ ಹಣ ಕೊಡುವ ವ್ಯಾಪಾರ ಸಂಸ್ಥೆಗಳಿಗೆ 2028ರವರೆಗೆ ಸುರಕ್ಷತಾ ತಿದ್ದುಪಡಿಗಳ ಹೆಚ್ಚುವರಿ ಅವಧಿಯನ್ನು ಗೊತ್ತುಪಡಿಸಲಾಯಿತು. ಬೆಂಬಲ ನಿಂತ ಮಾತ್ರಕ್ಕೆ ಹಳೆಯ ಯಂತ್ರ ಮರುದಿನವೇ ನಿಲ್ಲುವುದಿಲ್ಲ, ನಿಜ. ಆದರೆ ಬ್ಯಾಂಕಿನ ವ್ಯವಹಾರ, ಸರಕು ಮತ್ತು ಸೇವಾ ತೆರಿಗೆಯ ವಿವರಣಾಪತ್ರ, ಇ-ವೇ ಬಿಲ್ ಇವೆಲ್ಲವೂ ನಡೆಯುವ ಯಂತ್ರದಲ್ಲಿ ಹೊಸದಾಗಿ ಪತ್ತೆಯಾಗುವ ಲೋಪಗಳನ್ನು ಮುಚ್ಚುವವರಿಲ್ಲವೆಂದರೆ ಅದು ಬೀಗವಿಲ್ಲದ ತಿಜೋರಿಯೇ ಸರಿ.

ಅದೇ ಯಂತ್ರಕ್ಕೆ ವಿಂಡೋಸ್ 11ನ್ನು ಹಾಕಿಕೊಳ್ಳಬಹುದಲ್ಲ ಎಂಬ ಪ್ರಶ್ನೆ ಸಹಜ. 2021ರ ಅಕ್ಟೋಬರ್ 5ರಂದು ಬಂದ ಈ ಆವೃತ್ತಿಗೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ಪು, ಸೆಕ್ಯೂರ್ ಬೂಟ್ ಸೌಲಭ್ಯ, ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಸಂಗ್ರಹಣೆ ಹಾಗೂ ಅನುಮೋದಿತ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್ ಪ್ರೊಸೆಸರುಗಳ ಪೈಕಿ ಸ್ಥೂಲವಾಗಿ ಎಂಟನೆಯ ತಲೆಮಾರು ಹಾಗೂ ಅದರ ನಂತರದವು ಮಾತ್ರ ಈ ಪಟ್ಟಿಯಲ್ಲಿವೆ. ಹೀಗಾಗಿ 2017ಕ್ಕಿಂತ ಹಿಂದೆ ಕೊಂಡ ಯಂತ್ರಗಳು ಬಹುಮಟ್ಟಿಗೆ ಅನರ್ಹ. ಅಂತಹ ಯಂತ್ರವುಳ್ಳ ವರ್ತಕರಿಗೆ ಹೊಸದನ್ನು ಕೊಳ್ಳುವುದು, ಹಳೆಯದಕ್ಕೇ ಲಿನಕ್ಸ್ ಹಾಕಿಕೊಳ್ಳುವುದು ಅಥವಾ ಹೆಚ್ಚುವರಿ ಅವಧಿಯ ನೆರವಿನಿಂದ ಸ್ವಲ್ಪ ಕಾಲ ತಳ್ಳುವುದು ಎಂಬ ಆಯ್ಕೆಗಳಷ್ಟೇ ಉಳಿಯುತ್ತವೆ.

ಯಂತ್ರಕ್ಕಿಂತ ದೊಡ್ಡದು ಲೆಕ್ಕ

ಹೊಸ ಗಣಕವೆಂದೊಡನೆ ನಮ್ಮ ಗಮನ ಪೆಟ್ಟಿಗೆಯ ಬೆಲೆ, ವೇಗ ಮತ್ತು ಅಂದದ ಮೇಲೆ ಹೋಗುತ್ತದೆ. ವಾಸ್ತವದಲ್ಲಿ ವರ್ತಕರ ಆಸ್ತಿ ಇರುವುದು ಪೆಟ್ಟಿಗೆಯಲ್ಲಲ್ಲ, ಅದರೊಳಗಿನ ಲೆಕ್ಕದಲ್ಲಿ. ಅಡಿಕೆ ಬೆಳೆಗಾರರಿಗೆ ಕೊಟ್ಟ ಮುಂಗಡ, ಕಿರಾಣಿಯ ಕಡ, ಸಾರಿಗೆಯ ಬಾಕಿ ಇವೆಲ್ಲ ಅಲ್ಲಿಯೇ ಇವೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನ ಪ್ರಕಾರ ನೋಂದಾಯಿತ ವರ್ತಕರು ಆಯಾ ವರ್ಷದ ವಾರ್ಷಿಕ ವಿವರಣಾಪತ್ರದ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡತಕ್ಕದ್ದು. ಕಾಪಾಡುವುದೆಂದರೆ ಕಡತವನ್ನು ಪೆನ್‌ಡ್ರೈವಿನಲ್ಲಿ ಇಟ್ಟಿರುವುದಷ್ಟೇ ಅಲ್ಲ. ಅಧಿಕಾರಿಗಳು ಕೇಳಿದಾಗ ತೆರೆದು ತೋರಿಸಲು ಬರಬೇಕು. ಕಾರ್ಯಾಚರಣ ವ್ಯವಸ್ಥೆ ಬದಲಾದಾಗ ಕಡತವಿದ್ದೂ ತೆರೆಯಲು ಬಾರದ ಪರಿಸ್ಥಿತಿ ಉಂಟಾಗಬಹುದು. ಈ ಬದಲಾವಣೆಯ ನಿಜವಾದ ಅಪಾಯ ಇದೇ.

ಆದುದರಿಂದ ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಮೂರು ಪಟ್ಟಿಗಳನ್ನು ಬರೆದುಕೊಳ್ಳಬೇಕು. ಮೊದಲನೆಯದು, ನಿತ್ಯ ಬಳಸುವ ತಂತ್ರಾಂಶಗಳು ಹಾಗೂ ಅವುಗಳ ಆವೃತ್ತಿ. ಎರಡನೆಯದು, ಉಳಿಸಿಕೊಳ್ಳಲೇಬೇಕಾದ ಕಡತಗಳು ಹಾಗೂ ಅವು ಯಾವ ತಂತ್ರಾಂಶದಲ್ಲಿ ತೆರೆಯುತ್ತವೆ ಎಂಬ ವಿವರ. ಮೂರನೆಯದು, ಹಳೆಯ ಯಂತ್ರದ ಹಿಂಬದಿಗೆ ಚುಚ್ಚಿರುವ ಪ್ರತಿಯೊಂದು ತಂತಿ ಮತ್ತು ಅದರ ತುದಿಯಲ್ಲಿರುವ ಸಾಧನ. ಈ ಪಟ್ಟಿಗಳು ಕಾರ್ಯಾಚರಣ ವ್ಯವಸ್ಥೆಯನ್ನು ತೀರ್ಮಾನಿಸಲಿ. ಕಾರ್ಯಾಚರಣ ವ್ಯವಸ್ಥೆಯು ಯಂತ್ರವನ್ನು ತೀರ್ಮಾನಿಸಲಿ. ಈ ಕ್ರಮವನ್ನು ತಲೆಕೆಳಗು ಮಾಡಿದವರು ಯಂತ್ರದ ಬೆಲೆಯ ಮೇಲೆ ಮತ್ತಷ್ಟು ದಂಡ ತೆರುತ್ತಾರೆ.

ಮೂರು ದಾರಿಗಳು

ಮೊದಲನೆಯ ದಾರಿ ವಿಂಡೋಸ್ 11. ಬೆಂಗಳೂರಿನಲ್ಲಿ 1986ರಲ್ಲಿ ಆರಂಭವಾದ ಸಂಸ್ಥೆಯ ಟ್ಯಾಲಿ ತಂತ್ರಾಂಶವನ್ನು ನೆಚ್ಚಿರುವ ವರ್ತಕರಿಗೆ ಇದೇ ನೇರವಾದ ಮಾರ್ಗ. 2020ರಲ್ಲಿ ಬಂದ ಟ್ಯಾಲಿ ಪ್ರೈಮ್ ವಿಂಡೋಸ್‌ಗಾಗಿ ರೂಪಿತವಾದ ತಂತ್ರಾಂಶ. ಹಳೆಯ ಟ್ಯಾಲಿ ಇಆರ್‌ಪಿ 9ರ ದತ್ತಾಂಶವನ್ನು ಅದಕ್ಕೆ ವರ್ಗಾಯಿಸಿಕೊಳ್ಳಬಹುದು. ಆದರೆ ವರ್ಗಾಯಿಸಿದ ದತ್ತಾಂಶ ಹಳೆಯ ಆವೃತ್ತಿಯಲ್ಲಿ ತೆರೆಯುವುದಿಲ್ಲವಾದ್ದರಿಂದ ಮೂಲ ಪ್ರತಿಯೊಂದನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.

ವಿಂಡೋಸಿನಿಂದ ವಿಂಡೋಸಿಗೇ ಹೋಗುವವರಿಗೂ ಒಂದು ಗುಂಡಿ ಇದೆ. ನಮ್ಮ ಅನೇಕ ಅಂಗಡಿಗಳಲ್ಲಿ ಇಪ್ಪತ್ತು ವರ್ಷಗಳ ಹಿಂದೆ ಯಾರೋ ಬರೆದುಕೊಟ್ಟ ಡಾಸ್ ಕಾಲದ ಫಾಕ್ಸ್‌ಪ್ರೊ ಬಿಲ್ಲಿಂಗ್ ತಂತ್ರಾಂಶಗಳು ಇಂದಿಗೂ ನಡೆಯುತ್ತಿವೆ. ಇವು 16 ಬಿಟ್ ತಂತ್ರಾಂಶಗಳು. ವಿಂಡೋಸ್ 10ರಲ್ಲಿ 32 ಬಿಟ್ ಆವೃತ್ತಿಯೊಂದು ಇದ್ದುದರಿಂದ ಅವು ಹೇಗೋ ನಡೆದುಕೊಂಡು ಬಂದವು. ವಿಂಡೋಸ್ 11ರಲ್ಲಿ ಇರುವುದು 64 ಬಿಟ್ ಆವೃತ್ತಿ ಮಾತ್ರ. ಅದರಲ್ಲಿ 16 ಬಿಟ್ ತಂತ್ರಾಂಶ ನೇರವಾಗಿ ನಡೆಯುವುದೇ ಇಲ್ಲ. ಡಾಸ್‌ಬಾಕ್ಸ್‌ನಂತಹ ಅನುಕರಣ ತಂತ್ರಾಂಶದೊಳಗೆ ಅವನ್ನು ನಡೆಸಬಹುದಾದರೂ ಮುದ್ರಣ ತೊಡಕಾಗುತ್ತದೆ. ಸಮಾಧಾನದ ಸಂಗತಿಯೆಂದರೆ, ಫಾಕ್ಸ್‌ಪ್ರೊ ಬಳಸುವ ಡಿಬಿಎಫ್ ಕಡತಗಳನ್ನು ಉಚಿತವಾಗಿ ದೊರೆಯುವ ಲಿಬ್ರೆ ಆಫೀಸಿನ ಕೋಷ್ಟಕ ತಂತ್ರಾಂಶದಲ್ಲಿ ತೆರೆಯಬಹುದು. ಹಳೆಯ ಬಾಕಿಗಳ ವಿವರ ಅಷ್ಟರಮಟ್ಟಿಗೆ ಸುರಕ್ಷಿತ.

ಇನ್ನೊಂದು ಎಚ್ಚರಿಕೆ: 2024ರಿಂದ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣಿಸಿಕೊಂಡಿರುವ ಆರ್ಮ್ ಮಾದರಿಯ ಪ್ರೊಸೆಸರುಳ್ಳ ವಿಂಡೋಸ್ ಯಂತ್ರಗಳು ಹೊರನೋಟಕ್ಕೆ ಬೇರೆ ಯಂತ್ರಗಳಂತೆಯೇ ಇರುತ್ತವೆ. ಸಾಮಾನ್ಯ ತಂತ್ರಾಂಶಗಳು ಅವುಗಳಲ್ಲಿ ಬಹುಮಟ್ಟಿಗೆ ನಡೆಯುತ್ತವೆಯಾದರೂ ಹಳೆಯ ಮುದ್ರಕ ಮತ್ತು ಟೋಕನ್‌ಗಳ ಚಾಲಕ ತಂತ್ರಾಂಶಗಳು, ಅಂದರೆ ಡ್ರೈವರ್‌ಗಳು, ಆರ್ಮ್‌ಗಾಗಿಯೇ ಬರೆದವಲ್ಲದಿದ್ದರೆ ಕೆಲಸ ಮಾಡವು. ಅಂಗಡಿಯ ಬಳಕೆಗೆ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರುಳ್ಳ ಯಂತ್ರವೇ ಕ್ಷೇಮ.

ಎರಡನೆಯ ದಾರಿ ಲಿನಕ್ಸ್. ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಆವೃತ್ತಿಗಳು ಉಚಿತ. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04ಕ್ಕೆ ಐದು ವರ್ಷಗಳ ಸಾಮಾನ್ಯ ಬೆಂಬಲವಿದೆ. ಜಿಎಸ್‌ಟಿ ಜಾಲತಾಣ, ಇ-ವೇ ಬಿಲ್, ಬ್ಯಾಂಕ್ ವ್ಯವಹಾರಗಳು ಜಾಲದರ್ಶಕದಲ್ಲಿ ನಡೆಯುವ ಕಾರಣ ಅವುಗಳಿಗೆ ಅಷ್ಟಾಗಿ ತೊಂದರೆಯಿಲ್ಲ. ವಿಂಡೋಸ್ 11ಕ್ಕೆ ಅನರ್ಹವಾದ ಹಳೆಯ ಯಂತ್ರಕ್ಕೂ ಇದು ಹೊಸ ಆಯುಷ್ಯ ನೀಡುತ್ತದೆ. ಆದರೆ ಟ್ಯಾಲಿಗೆ ಲಿನಕ್ಸ್ ಆವೃತ್ತಿಯಿಲ್ಲ. ಅನುಕರಣ ತಂತ್ರಾಂಶದ ಮೂಲಕ ನಡೆಸುವ ಪ್ರಯೋಗಗಳನ್ನು ವರ್ಷದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲಿ ನಂಬಿ ಕೂರುವುದು ಜಾಣತನವಲ್ಲ. ಬಿಲ್ಲು ಮತ್ತು ಪತ್ರವ್ಯವಹಾರಕ್ಕಷ್ಟೇ ಗಣಕ ಬಳಸಿ, ಲೆಕ್ಕವನ್ನು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಬರೆಸುವ ಸಣ್ಣ ವರ್ತಕರಿಗೆ ಲಿನಕ್ಸ್ ಉತ್ತಮ ಆಯ್ಕೆ.

ಮೂರನೆಯ ದಾರಿ ಆಪಲ್ ಸಂಸ್ಥೆಯ ಮ್ಯಾಕ್ ಮಿನಿ. ಪುಟ್ಟ ಗಣಕಗಳು ಜನಪ್ರಿಯವಾಗಲು ಕಾರಣವಾದ ಯಂತ್ರಗಳಲ್ಲಿ ಇದೂ ಒಂದು. 2005ರ ಜನವರಿಯಲ್ಲಿ ಇದು ಮೊದಲು ಬಂದಾಗ ಪರದೆ, ಕೀಲಿಮಣೆ, ಮೌಸ್ ಯಾವುದನ್ನೂ ಜೊತೆಗೆ ಕೊಡದೆ, ಬಳಕೆದಾರರು ತಮ್ಮ ವಿಂಡೋಸ್ ಯಂತ್ರದವನ್ನೇ ಜೋಡಿಸಿಕೊಳ್ಳಲಿ ಎಂಬ ನೀತಿಯನ್ನು ಅನುಸರಿಸಲಾಯಿತು. ಹೆಸರು ಒಂದೇ ಆದರೂ ಒಳಗಿನ ಪ್ರೊಸೆಸರ್ 2006ರಲ್ಲಿ ಇಂಟೆಲ್‌ಗೂ 2020ರಲ್ಲಿ ಆಪಲ್‌ನ ಸ್ವಂತ ಚಿಪ್ಪಿಗೂ ಬದಲಾಯಿತು. ಇಂಟೆಲ್ ಕಾಲದ ಮ್ಯಾಕ್‌ನಲ್ಲಿ ವಿಂಡೋಸನ್ನೂ ನೇರವಾಗಿ ಹಾಕಿಕೊಳ್ಳಬಹುದಿತ್ತು. ಸ್ವಂತ ಚಿಪ್ಪಿನ ಯಂತ್ರಗಳಲ್ಲಿ ಆ ಸೌಲಭ್ಯವಿಲ್ಲ. ಹಳೆಯ ಅನುಭವದ ಮೇಲೆ ಸಲಹೆ ಕೊಡುವವರ ಮಾತನ್ನು ಕೇಳುವಾಗ ಈ ವ್ಯತ್ಯಾಸ ನೆನಪಿರಲಿ.

2024ರ ಅಕ್ಟೋಬರ್‌ನಲ್ಲಿ ಘೋಷಿತವಾದ ಎಂ4 ಮ್ಯಾಕ್ ಮಿನಿ ಕೇವಲ 12.7 ಸೆಂಟಿಮೀಟರ್ ಚೌಕದ, 5 ಸೆಂಟಿಮೀಟರ್ ಎತ್ತರದ ಪೆಟ್ಟಿಗೆ. ಭಾರತದಲ್ಲಿ ಅದರ ಆರಂಭಿಕ ಬೆಲೆಯನ್ನು ರೂ. 59,900 ಎಂದು ಪ್ರಕಟಿಸಲಾಗಿತ್ತು. ಯಂತ್ರ ಉತ್ಕೃಷ್ಟವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರಲ್ಲಿ ಹಳೆಯ ಚಪ್ಪಟೆ ಮಾದರಿಯ ಯುಎಸ್‌ಬಿ ಕಿಂಡಿ ಒಂದೂ ಇಲ್ಲ. ಎಲ್ಲವೂ ಹೊಸ ಸಿ ಮಾದರಿಯವು. ಹಳೆಯ ಪೆನ್‌ಡ್ರೈವ್, ಮುದ್ರಕ, ಟೋಕನ್ ಜೋಡಿಸಲು ಹಬ್ ಎಂಬ ಕವಲುಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ಮೆಮೊರಿಯನ್ನು ಮುಂದೆ ಹೆಚ್ಚಿಸಿಕೊಳ್ಳಲು ಬಾರದು. ವಿಂಡೋಸಿನಲ್ಲಿ ಬಳಸಿದ ಎನ್‌ಟಿಎಫ್‌ಎಸ್ ಮಾದರಿಯ ಹೊರಡಿಸ್ಕನ್ನು ಮ್ಯಾಕ್ ಓದುತ್ತದೆಯೇ ಹೊರತು ಅದರ ಮೇಲೆ ಬರೆಯುವುದಿಲ್ಲ. ಎರಡೂ ಕಡೆ ಬಳಸುವ ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾದರಿಗೆ ಸಿದ್ಧಪಡಿಸಿಕೊಳ್ಳಬೇಕು. ಹಾಗೆ ಸಿದ್ಧಪಡಿಸುವಾಗ ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆಯಾದ್ದರಿಂದ ಮೊದಲು ಪ್ರತಿ ತೆಗೆಯಬೇಕು. ಚಿತ್ರ, ವಿಡಿಯೊ, ವಿನ್ಯಾಸದ ಕೆಲಸ ಮಾಡುವ ಛಾಯಾಗ್ರಾಹಕರಿಗೆ ಹಾಗೂ ಮುದ್ರಣಾಲಯಗಳಿಗೆ ಇದು ಸೂಕ್ತ. ಟ್ಯಾಲಿ ಮತ್ತು ತೂಕಯಂತ್ರವುಳ್ಳ ಅಂಗಡಿಗೆ ಅಲ್ಲ.

ಕನ್ನಡ ಕಡತಗಳ ಗತಿ

ಕಾರ್ಯಾಚರಣ ವ್ಯವಸ್ಥೆ ಬದಲಿಸುವಾಗ ಬಹಳ ಜನ ಮರೆಯುವ ವಿಷಯ ಕನ್ನಡದ್ದು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಟೈಪು ಮಾಡಿದ ಪತ್ರಗಳು, ಗ್ರಾಹಕರ ಪಟ್ಟಿಗಳು, ಸಂಘಗಳ ಠರಾವುಗಳು ಹಲವರ ಬಳಿ ಇವೆ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಅಕ್ಷರಶೈಲಿಗಳಲ್ಲಿ ಕಡತದೊಳಗೆ ಕನ್ನಡ ಅಕ್ಷರ ಇರುತ್ತಲೇ ಇರಲಿಲ್ಲ. ಇದ್ದುದು ರೋಮನ್ ಅಕ್ಷರಗಳ ಸಂಕೇತ. ಅದಕ್ಕೆ ಕನ್ನಡದ ಆಕಾರ ಕೊಡುತ್ತಿದ್ದುದು ಫಾಂಟ್. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತದೆ. ಕಡತ ಕೆಟ್ಟಿಲ್ಲ, ಅದನ್ನು ಓದುವ ಕನ್ನಡಕ ಕಳೆದಿದೆ ಅಷ್ಟೆ.

ಇದಕ್ಕೆ ಪರಿಹಾರವೆಂದರೆ ಹಳೆಯ ಯಂತ್ರ ಚಾಲೂ ಇರುವಾಗಲೇ ಮುಖ್ಯ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಾಯಿಸಿ, ಒತ್ತಕ್ಷರಗಳು, ಅರ್ಕಾವೊತ್ತು ಹಾಗೂ ಅಂಕಿಗಳು ಸರಿಯಾಗಿವೆಯೇ ಎಂದು ಕಣ್ಣಾರೆ ನೋಡುವುದು. ಹಣದ ಮೊತ್ತವಿರುವ ಪತ್ರಗಳನ್ನು ಪಿಡಿಎಫ್ ಆಗಿಯೂ ಉಳಿಸಿಕೊಳ್ಳಬೇಕು. ಯೂನಿಕೋಡ್ ಕನ್ನಡಕ್ಕೆ ಮೂರೂ ವ್ಯವಸ್ಥೆಗಳಲ್ಲಿ ಫಾಂಟ್‌ಗಳು ಜೊತೆಯಲ್ಲೇ ಬರುತ್ತವೆ ಅಥವಾ ಉಚಿತವಾಗಿ ಸಿಗುತ್ತವೆ: ವಿಂಡೋಸಿನಲ್ಲಿ ನಿರ್ಮಲಾ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್, ಲಿನಕ್ಸ್‌ನಲ್ಲಿ ಲೋಹಿತ್, ಗುಬ್ಬಿ ಮತ್ತು ನವಿಲು. ಕೀಲಿಮಣೆಯ ವಿನ್ಯಾಸವನ್ನೂ ವಿಚಾರಿಸಿಕೊಳ್ಳಬೇಕು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಗಣಕ ಪರಿಷತ್ತಿನ ಕೀಲಿಮಣೆಗೆ ಕೈ ಪಳಗಿದ ಗುಮಾಸ್ತರಿಗೆ ಲಿನಕ್ಸ್‌ನಲ್ಲಿ ಅದೇ ವಿನ್ಯಾಸ ದೊರೆಯುತ್ತದೆ. ವಿಂಡೋಸ್‌ಗೆ ನುಡಿ ತಂತ್ರಾಂಶವಿದೆ. ಮ್ಯಾಕ್‌ನೊಂದಿಗೆ ಬರುವ ಕನ್ನಡ ವಿನ್ಯಾಸಗಳು ಬೇರೆ. ಹೊಸ ವಿನ್ಯಾಸ ಕಲಿಯಲು ಗುಮಾಸ್ತರಿಗೆ ತಗಲುವ ವಾರಗಳೂ ಒಂದು ವೆಚ್ಚವೇ.

ಪುಟ್ಟ ಪೆಟ್ಟಿಗೆಯೊಳಗೆ ಏನಿರಬೇಕು

ವಿಂಡೋಸ್ ಅಥವಾ ಲಿನಕ್ಸ್‌ಗೆ ಹಲವು ಸಂಸ್ಥೆಗಳ ಮಿನಿ ಪಿಸಿಗಳು ದೊರೆಯುತ್ತವೆ. ಈ ವರ್ಗಕ್ಕೆ ಹೆಸರು ತಂದ ಇಂಟೆಲ್‌ನ ನುಕ್ ಯಂತ್ರಗಳ ತಯಾರಿಕೆಯನ್ನು ಇಂಟೆಲ್ 2023ರಲ್ಲಿ ಕೈಬಿಟ್ಟಿತು. ಆ ಸಾಲನ್ನು ಆಸುಸ್ ಸಂಸ್ಥೆ ಮುಂದುವರಿಸಿತು. ಹೆಸರು ಯಾವುದೇ ಇರಲಿ, ಗಮನಿಸಬೇಕಾದ ಅಂಶಗಳು ಇವು.

ಅಂಗಡಿಯ ಲೆಕ್ಕಕ್ಕೆ 8 ಜಿಬಿ ಮೆಮೊರಿ ಸಾಲುತ್ತದೆ. ಐದಾರು ವರ್ಷ ಬಾಳಬೇಕಾದರೆ 16 ಜಿಬಿ ಒಳ್ಳೆಯದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿದ್ದರಿಂದ, ಈಗ 8 ಜಿಬಿ ಹಾಕಿಸಿ ಮುಂದೆ ಸೇರಿಸಲು ಒಂದು ಖಾಲಿ ಸ್ಥಾನವಿರುವ ಯಂತ್ರವನ್ನು ಆರಿಸುವುದು ಲಾಭಕರವಾಗಬಹುದು. ಕೆಲವು ಅಗ್ಗದ ಯಂತ್ರಗಳಲ್ಲಿ ಮೆಮೊರಿಯನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ, ಕೇಳಿ ತಿಳಿಯಬೇಕು. ಹಳೆಯ ದೊಡ್ಡ ಪೆಟ್ಟಿಗೆಯ ಮೆಮೊರಿ ಪಟ್ಟಿ ಇವಕ್ಕೆ ಹಿಡಿಸುವುದಿಲ್ಲ. ಇವು ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿಯನ್ನು ಬಳಸುತ್ತವೆ. ಸಂಗ್ರಹಣೆಗೆ 256 ಅಥವಾ 512 ಜಿಬಿಯ ಎಸ್‌ಎಸ್‌ಡಿ ಇರಲಿ. ಜೊತೆಗೆ ಎರಡೂವರೆ ಅಂಗುಲದ ಡಿಸ್ಕಿಗೆ ಸ್ಥಳವಿದ್ದರೆ ಪ್ರತಿ ತೆಗೆದಿಡಲು ಅನುಕೂಲ.

ಹಿಂಬದಿಯ ಕಿಂಡಿಗಳನ್ನು ಬೆರಳಲ್ಲಿ ಎಣಿಸಿ ನೋಡಬೇಕು. ಕೀಲಿಮಣೆ, ಮೌಸ್, ಮುದ್ರಕ, ಟೋಕನ್, ತೂಕಯಂತ್ರ ಎಂದರೆ ಆಗಲೇ ಐದು ಯುಎಸ್‌ಬಿ ಆಯಿತು, ಪೆನ್‌ಡ್ರೈವಿಗೆ ಆರನೆಯದು. ನಾಲ್ಕೇ ಕಿಂಡಿಯಿದ್ದರೆ ಸ್ವಂತ ವಿದ್ಯುತ್ ಅಡಾಪ್ಟರ್ ಇರುವ ಹಬ್ಬಿನ ಬೆಲೆಯನ್ನೂ ಸೇರಿಸಿಕೊಳ್ಳಬೇಕು. ವೆಸಾ ಪಟ್ಟಿಯಿದ್ದರೆ ಯಂತ್ರವನ್ನು ಪರದೆಯ ಬೆನ್ನಿಗೇ ಬಿಗಿಯಬಹುದು. ಅದಕ್ಕೆ ಪರದೆಯ ಹಿಂದೆ 75 ಅಥವಾ 100 ಮಿಲಿಮೀಟರ್ ಚೌಕದಲ್ಲಿ ನಾಲ್ಕು ತಿರುಪಿನ ತೂತುಗಳಿರಬೇಕು.

ಪೂರಕ ಸಾಧನಗಳ ಹೊಂದಾಣಿಕೆ

ಪರದೆ: ಹಳೆಯ ಪರದೆಗಳಲ್ಲಿ ನೀಲಿ ತುದಿಯ ವಿಜಿಎ ತಂತಿ ಮಾತ್ರ ಇರುತ್ತದೆ, ಹೊಸ ಯಂತ್ರಗಳಲ್ಲಿ ಎಚ್‌ಡಿಎಂಐ. ನಡುವೆ ಪರಿವರ್ತಕ ಬೇಕು. ಪರಿವರ್ತಕಗಳು ಒಂದೇ ದಿಕ್ಕಿನಲ್ಲಿ ಕೆಲಸ ಮಾಡುವುದರಿಂದ ‘ಎಚ್‌ಡಿಎಂಐ ಯಂತ್ರದಿಂದ ವಿಜಿಎ ಪರದೆಗೆ’ ಎಂದು ಸ್ಪಷ್ಟವಾಗಿ ಹೇಳಿ ಕೊಳ್ಳಬೇಕು. ವಿಜಿಎ ಕಿಂಡಿಯೇ ಇರುವ ಮಿನಿ ಪಿಸಿಗಳೂ ಉಂಟು.

ಕೀಲಿಮಣೆ, ಮೌಸ್: ದುಂಡನೆಯ ಪಿಎಸ್/2 ತುದಿಯ ಕೀಲಿಮಣೆಗಳಿಗೆ ಬರಿಯ ತುದಿ ಬದಲಿಸುವ ಪುಟ್ಟ ಅಡಾಪ್ಟರ್ ಎಲ್ಲ ಸಂದರ್ಭದಲ್ಲೂ ಸಾಕಾಗುವುದಿಲ್ಲ, ಒಳಗೆ ಚಿಪ್ಪು ಇರುವ ಪರಿವರ್ತಕ ಬೇಕು. ವರ್ಷಗಟ್ಟಲೆ ಬಾಳಿದ ಗಟ್ಟಿ ಕೀಲಿಮಣೆಯಾದರೆ ಆ ಖರ್ಚು ಸಾರ್ಥಕ. ಇಲ್ಲವಾದರೆ ಹೊಸ ಯುಎಸ್‌ಬಿ ಕೀಲಿಮಣೆಯೇ ಅಗ್ಗ.

ಮುದ್ರಕ: ಕಾರ್ಬನ್ ಪ್ರತಿ ಬೇಕಾದ ಬಿಲ್ಲುಗಳಿಗೆ ಡಾಟ್ ಮ್ಯಾಟ್ರಿಕ್ಸ್ ಮುದ್ರಕ ಇಂದಿಗೂ ಅನಿವಾರ್ಯ. ಎಪ್ಸನ್ ಎಲ್‌ಎಕ್ಸ್ 310ರಂತಹ ಮಾದರಿಗಳಲ್ಲಿ ಹಳೆಯ ಪ್ಯಾರಲಲ್ ಕಿಂಡಿಯ ಜೊತೆ ಯುಎಸ್‌ಬಿಯೂ ಇದೆ. ತಂತಿ ಬದಲಿಸಿದರೆ ಸಾಕು. ಪ್ಯಾರಲಲ್ ಮಾತ್ರ ಇರುವ ಮುದ್ರಕಕ್ಕೆ ಪರಿವರ್ತಕ ತಂತಿ ಸಿಗುತ್ತದೆ, ಆದರೆ ಎಲ್‌ಪಿಟಿ 1 ಎಂಬ ಕಿಂಡಿಗೇ ನೇರವಾಗಿ ಮುದ್ರಿಸುವ ಡಾಸ್ ತಂತ್ರಾಂಶಗಳಿಗೆ ಅದು ತಾನಾಗಿಯೇ ಕಾಣಿಸದು. ಲೇಸರ್ ಮುದ್ರಕಗಳ ಪೈಕಿ, ನಮ್ಮಲ್ಲಿ ವ್ಯಾಪಕವಾಗಿ ಬಳಕೆಯಾದ ಕ್ಯಾನನ್ ಎಲ್‌ಬಿಪಿ 2900 ಕ್ಯಾಪ್ಟ್ ಎಂಬ ತನ್ನದೇ ಭಾಷೆಯಲ್ಲಿ ಮಾತನಾಡುತ್ತದೆ. ವಿಂಡೋಸಿನಿಂದ ಆಚೆ ಅದನ್ನು ದುಡಿಸುವುದು ಕಷ್ಟ. ಲಿನಕ್ಸ್ ಅಥವಾ ಮ್ಯಾಕ್ ಆರಿಸುವವರು ಮುದ್ರಕ ಬದಲಾಯಿಸುವ ವೆಚ್ಚವನ್ನು ಮೊದಲೇ ಲೆಕ್ಕ ಹಾಕಲಿ.

ತೂಕಯಂತ್ರ: ಅಡಿಕೆ ಖರೀದಿಯಲ್ಲಿ ತೂಕವನ್ನು ನೇರವಾಗಿ ಗಣಕಕ್ಕೆ ಕೊಡುವ ಯಂತ್ರಗಳು ಒಂಬತ್ತು ಪಿನ್ನಿನ ಸೀರಿಯಲ್ ತಂತಿಯನ್ನು ಬಳಸುತ್ತವೆ. ಯುಎಸ್‌ಬಿ ಪರಿವರ್ತಕ ತಂತಿ ಅಗ್ಗವಾದರೂ ಅದರೊಳಗಿನ ಚಿಪ್ಪು ಮುಖ್ಯ. ಪ್ರೊಲಿಫಿಕ್ ಸಂಸ್ಥೆಯ ಹಳೆಯ ಚಿಪ್ಪುಗಳನ್ನು ಹೊಸ ವಿಂಡೋಸ್ ಬೆಂಬಲಿಸುವುದಿಲ್ಲ. ತಂತಿ ಗುರುತು ಹಿಡಿದ ಮೇಲೂ ತೂಕದ ತಂತ್ರಾಂಶದಲ್ಲಿ ಕಾಮ್ ಕಿಂಡಿಯ ಸಂಖ್ಯೆಯನ್ನು ಹಿಂದಿನದಕ್ಕೆ ಸರಿಹೊಂದಿಸಬೇಕು. ಇದನ್ನು ಕೊಯ್ಲಿನ ಹಂಗಾಮು ಆರಂಭವಾಗುವ ಮೊದಲೇ ಪರೀಕ್ಷಿಸತಕ್ಕದ್ದು.

ಡಿಜಿಟಲ್ ಸಹಿಯ ಟೋಕನ್: ಕಂಪನಿ ಮತ್ತು ಎಲ್‌ಎಲ್‌ಪಿಗಳು ಬಳಸುವ ಈ ಯುಎಸ್‌ಬಿ ಟೋಕನ್ನಿನೊಳಗಿನ ಸಹಿಯ ಕೀಲಿಯನ್ನು ನಕಲು ಮಾಡಲು ಬಾರದು, ಟೋಕನ್ನೇ ಹೊಸ ಯಂತ್ರದಲ್ಲಿ ಕೆಲಸ ಮಾಡಬೇಕು. ಆಯ್ದ ವ್ಯವಸ್ಥೆಗೆ ಚಾಲಕ ತಂತ್ರಾಂಶ ಇದೆಯೆಂದು ಟೋಕನ್ ಕೊಟ್ಟವರಿಂದ ಖಚಿತಪಡಿಸಿಕೊಂಡ ನಂತರವೇ ಯಂತ್ರಕ್ಕೆ ಮುಂಗಡ ಕೊಡಿ. ಆಧಾರ್ ಬೆರಳಚ್ಚು ಸಾಧನ ಇಟ್ಟುಕೊಂಡ ಸೇವಾ ಕೇಂದ್ರಗಳಿಗೂ ಈ ಮಾತು ಅನ್ವಯಿಸುತ್ತದೆ.

ವಿದ್ಯುತ್ತು, ಮಳೆ, ನೆರೆ

ಪುಟ್ಟ ಗಣಕದ ನಿಜವಾದ ಲಾಭ ನಮ್ಮ ಭಾಗದಲ್ಲಿ ಕಾಣುವುದು ವಿದ್ಯುತ್ ಹೋದಾಗ. ಉದಾಹರಣೆಗೆ ಹಳೆಯ ಪೆಟ್ಟಿಗೆ ಹಾಗೂ ಪರದೆ ಸೇರಿ 120 ವ್ಯಾಟ್, ಮಿನಿ ಪಿಸಿ ಮತ್ತು ಎಲ್‌ಇಡಿ ಪರದೆ ಸೇರಿ 45 ವ್ಯಾಟ್ ಎಂದು ಇಟ್ಟುಕೊಳ್ಳೋಣ. ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ನಡೆದರೆ ಮೊದಲನೆಯದಕ್ಕೆ 288 ಯೂನಿಟ್, ಎರಡನೆಯದಕ್ಕೆ 108 ಯೂನಿಟ್. ಉಳಿತಾಯ 180 ಯೂನಿಟ್. ಅದಕ್ಕಿಂತ ಮುಖ್ಯವಾಗಿ, ಅದೇ ಯುಪಿಎಸ್ ಹಿಂದಿಗಿಂತ ಎರಡು ಪಟ್ಟಿಗೂ ಹೆಚ್ಚು ಹೊತ್ತು ನಡೆಸುತ್ತದೆ. ಬಾಗಿಲಲ್ಲಿ ನಿಂತ ಲಾರಿಗೆ ಇ-ವೇ ಬಿಲ್ ಕೊಟ್ಟು ಕಳಿಸಲು ಆ ಹೊತ್ತು ಸಾಕು. ಲೇಸರ್ ಮುದ್ರಕವನ್ನು ಮಾತ್ರ ಸಣ್ಣ ಯುಪಿಎಸ್‌ಗೆ ಜೋಡಿಸಬಾರದು.

ಮಳೆಗಾಲದ ತೇವ, ಇರುವೆ, ಹಲ್ಲಿಗಳ ಕಾಟಕ್ಕೆ ಫ್ಯಾನಿಲ್ಲದ ಯಂತ್ರಗಳು ಹೆಚ್ಚು ತಾಳುತ್ತವೆ. ಆದರೆ ಅವುಗಳ ಮೈಯೇ ಶಾಖ ಹೊರಹಾಕುವ ಭಾಗವಾದುದರಿಂದ ಮೇಲೆ ರಸೀದಿ ಪುಸ್ತಕ ಪೇರಿಸಬಾರದು. ಮಳೆಗಾಲದ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ವಿದ್ಯುತ್ ತಂತಿಯೊಂದಿಗೆ ಅಂತರ್ಜಾಲದ ತಂತಿಯನ್ನೂ ಕಳಚುವ ರೂಢಿಯಿರಲಿ. ಅಡಾಪ್ಟರಿಗೆ ಬದಲಿಯೊಂದನ್ನು ಕೊಂಡಿಡುವುದೂ ಲೇಸು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು 66ನೆಯ ಹೆದ್ದಾರಿ ಮುಚ್ಚಿದಾಗ ನಮ್ಮ ತಾಲೂಕಿನ ಸಾಗಾಟ ಎಷ್ಟು ದಿನ ಅಸ್ತವ್ಯಸ್ತವಾಯಿತೆಂಬುದನ್ನು ಯಾರೂ ಮರೆತಿಲ್ಲ.

2019 ಮತ್ತು 2021ರ ಮಳೆಗಾಲಗಳಲ್ಲಿ ಗಂಗಾವಳಿ ಉಕ್ಕಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ನೆಲದ ಮೇಲಿನ ದೊಡ್ಡ ಪೆಟ್ಟಿಗೆ ಮೊದಲು ಮುಳುಗುತ್ತದೆ. ಪರದೆಯ ಬೆನ್ನಿಗೆ ಬಿಗಿದ ಪುಟ್ಟ ಯಂತ್ರವನ್ನು ಕೈಯಲ್ಲಿ ಹಿಡಿದು ಹೊರಡಬಹುದು. ಆದರೂ ಯಂತ್ರವನ್ನೇ ನೆಚ್ಚಬಾರದು. ಲೆಕ್ಕದ ಎರಡು ಪ್ರತಿಗಳು ಹೊರಡಿಸ್ಕಿನಲ್ಲಿರಲಿ. ಅವುಗಳಲ್ಲಿ ಒಂದು ಅಂಗಡಿಯ ಆಚೆ, ಎತ್ತರದ ಮನೆಯಲ್ಲಿ ಅಥವಾ ಲೆಕ್ಕಪರಿಶೋಧಕರ ಬಳಿ ಇರಲಿ.

ಬಿಲ್ಲು ಮತ್ತು ತೆರಿಗೆ

ಗಣಕಯಂತ್ರಗಳ ಮೇಲೆ ಶೇ. 18 ಜಿಎಸ್‌ಟಿ ಇದೆ. ಸಾಮಾನ್ಯ ನೋಂದಣಿಯ ವರ್ತಕರು ತಮ್ಮ ಜಿಎಸ್‌ಟಿ ಸಂಖ್ಯೆ ನಮೂದಿಸಿದ ಬಿಲ್ಲು ಪಡೆದರೆ ವ್ಯಾಪಾರದ ಬಳಕೆಯ ಯಂತ್ರಕ್ಕೆ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ಆದರೆ ಆ ತೆರಿಗೆಯ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಸವಕಳಿ ತೋರಿಸಿದರೆ ಜಮೆ ದೊರೆಯದು. ರಾಜಿ ತೆರಿಗೆ ಪದ್ಧತಿಯವರಿಗೆ ಈ ಜಮೆ ಇಲ್ಲ. ಬಿಲ್ಲಿನಲ್ಲಿ ಕಾರ್ಯಾಚರಣ ವ್ಯವಸ್ಥೆಯ ಪರವಾನಗಿಯ ಉಲ್ಲೇಖವಿರಲಿ. ಕೆಲವೇ ನೂರು ರೂಪಾಯಿಗೆ ಸಿಗುವ ಪರವಾನಗಿ ಕೀಲಿಗಳಿಂದ ದೂರವಿರುವುದು ಒಳಿತು.

ವರ್ಗಾವಣೆಯ ಕ್ರಮ

ಹೊಸ ಯಂತ್ರ ಬಂದ ದಿನವೇ ಹಳೆಯದನ್ನು ಮಾರಿಬಿಡುವುದು ಸಲ್ಲದು. ಕನಿಷ್ಠ ಒಂದು ತಿಂಗಳು, ಅಂದರೆ ಒಂದು ಜಿಎಸ್‌ಟಿ ವಿವರಣಾಪತ್ರ ಹೊಸ ಯಂತ್ರದಿಂದ ಸಲ್ಲಿಕೆಯಾಗುವವರೆಗೆ, ಎರಡೂ ಜೊತೆಯಲ್ಲಿರಲಿ. ಮೊದಲ ವಾರದಲ್ಲಿಯೇ ಐದು ಪರೀಕ್ಷೆಗಳನ್ನು ಮಾಡಬೇಕು: ಹಳೆಯ ವರ್ಷದ ಒಂದು ಖಾತೆಯನ್ನು ತೆರೆದು ಶಿಲ್ಕು ತಾಳೆ ನೋಡುವುದು, ಕಾರ್ಬನ್ ಪ್ರತಿಯ ಒಂದು ಬಿಲ್ಲು ಮುದ್ರಿಸುವುದು, ಒಂದು ಇ-ವೇ ಬಿಲ್ ತೆಗೆಯುವುದು, ಟೋಕನ್ನಿನಿಂದ ಒಂದು ಸಹಿ ಹಾಕುವುದು ಹಾಗೂ ಕನ್ನಡದ ಒಂದು ಹಳೆಯ ಪತ್ರವನ್ನು ತೆರೆದು ಓದುವುದು. ಐದರಲ್ಲಿ ಒಂದು ತಪ್ಪಿದರೂ ಅದು ಸರಿಯಾಗುವವರೆಗೆ ಹಳೆಯ ಯಂತ್ರವೇ ಆಧಾರ. ಕೊನೆಗೆ ಅದನ್ನು ಮಾರುವಾಗ ಡಿಸ್ಕನ್ನು ಬಿಚ್ಚಿ ಇಟ್ಟುಕೊಳ್ಳುವುದು ಒಳ್ಳೆಯದು. ಗ್ರಾಹಕರ ಖಾತೆಯ ವಿವರಗಳು ಪರರ ಪಾಲಾಗಬಾರದು.

ಪುಟ್ಟ ಗಣಕಯಂತ್ರವು ಸ್ಥಳ, ವಿದ್ಯುತ್ತು ಎರಡನ್ನೂ ಉಳಿಸುತ್ತದೆಂಬುದು ನಿರ್ವಿವಾದ. ಆದರೆ ಅಂಗಡಿಯ ದೃಷ್ಟಿಯಿಂದ ಯಂತ್ರದ ಯೋಗ್ಯತೆಯನ್ನು ಅಳೆಯುವುದು ಅದರ ವೇಗದಿಂದಲ್ಲ. ಹಳೆಯ ಲೆಕ್ಕವನ್ನು ಅದು ತೆರೆಯುತ್ತದೆಯೇ, ಹಳೆಯ ಮುದ್ರಕಕ್ಕೆ ಅದರ ಮಾತು ಅರ್ಥವಾಗುತ್ತದೆಯೇ ಎಂಬುದರಿಂದ. ಸದಸ್ಯರು ಬರೆದ ಆ ಮೂರು ಪಟ್ಟಿಗಳ ಹಾಳೆಯನ್ನು ಕಿಸೆಯಲ್ಲಿಟ್ಟುಕೊಂಡೇ ಅಂಕೋಲೆಯ ಬಸ್ಸು ಹತ್ತಲಿ. ಮಾರಾಟಗಾರರು ಪ್ರತಿಯೊಂದು ಸಾಲಿಗೂ ‘ಆಗುತ್ತದೆ’ ಎಂದು ಬರೆದು ಸಹಿ ಹಾಕಿಕೊಟ್ಟ ಮೇಲೆ ಹಣ ಎಣಿಸಿದರೆ ಎರಡನೆಯ ಪ್ರಯಾಣದ ಪ್ರಮೇಯ ಬರಲಾರದು.